ದೊಡ್ಡ ತಲೆ, ಎಂಆರ್‌ಐನಲ್ಲಿ ಇಡೀ ವೈಟ್ ಮ್ಯಾಟರ್ ಬೆಳ್ಳಗೆ, ರಿಪೋರ್ಟಿನಲ್ಲಿ ‘? ಲ್ಯೂಕೋಡಿಸ್ಟ್ರೊಫಿ’ ಅಷ್ಟೇ: ಮುಂದೇನು?

ಮಕ್ಕಳವಾರ್ಡು (ಪ್ರಶ್ನೆ)

13 ತಿಂಗಳ ಗಂಡುಮಗು. ತಲೆಯ ಸುತ್ತಳತೆ 52 ಸೆಂ.ಮೀ. ಹುಟ್ಟಿದಾಗ 35 ಇತ್ತು, 6ನೇ ತಿಂಗಳಿಗೇ 47 ಮುಟ್ಟಿತ್ತು. ಆಸರೆಯಿಲ್ಲದೆ ಕೂರುತ್ತದೆ, ಹಿಡಿದುಕೊಂಡು ನಿಲ್ಲುತ್ತದೆ, ಎರಡು ಪದ ಆಡುತ್ತದೆ. ನೋಟ ಸರಿಯಿದೆ, ಮುಖ ಗುರುತಿಸಿ ನಗುತ್ತದೆ. ಕಳೆದ ತಿಂಗಳು ಜ್ವರವಿಲ್ಲದೆ ಒಂದು ಸಲ ಫಿಟ್ಸ್ ಬಂದಿದೆ. ತಂದೆ ತಾಯಿಗೆ ಸೋದರಮಾವ, ಅಂದರೆ ಅಕ್ಕನ ಮಗಳನ್ನೇ ಮದುವೆಯಾಗಿರುವುದು.

ಎಂಆರ್‌ಐ 1.5 ಟೆಸ್ಲಾದಲ್ಲಿ, ಕಾಂಟ್ರಾಸ್ಟ್ ಇಲ್ಲದೆ ಆಗಿದೆ. ಆಕ್ಸಿಯಲ್ (ಅಡ್ಡ ಸೀಳಿನ) ಟಿ1, ಟಿ2, ಫ್ಲೇರ್ (ನೀರು ಕಪ್ಪಗೆ ಕಾಣುವ ಟಿ2), ಡಿಫ್ಯೂಷನ್ ಎಂಬ ಬಗೆಯ ಚಿತ್ರಗಳಿವೆ, ಸ್ಲೈಸ್ 5 ಮಿ.ಮೀ. ರಿಪೋರ್ಟು: ‘ಎರಡೂ ಕಡೆ ಸಮನಾಗಿ ವೈಟ್ ಮ್ಯಾಟರ್‌ನಲ್ಲಿ ಟಿ2 ಹೈಪರ್‌ಇಂಟೆನ್ಸಿಟಿ, ? ಲ್ಯೂಕೋಡಿಸ್ಟ್ರೊಫಿ ? ಡಿಸ್‌ಮೈಲಿನೇಷನ್, ಕ್ಲಿನಿಕಲಿ ಹೋಲಿಸಿ ನೋಡಿ’. (ಹೈಪರ್‌ಇಂಟೆನ್ಸಿಟಿ ಅಂದರೆ ಬೆಳ್ಳಗೆ ಕಾಣುವುದು; ಲ್ಯೂಕೋಡಿಸ್ಟ್ರೊಫಿ ಅಂದರೆ ವೈಟ್ ಮ್ಯಾಟರ್, ಅಂದರೆ ಮೆದುಳಿನ ನರತಂತುಗಳ ಭಾಗ, ಕೆಡುವ ವಂಶವಾಹಿ ರೋಗ.)

ತಾಯಿಗೆ ಈಗ 7 ವಾರದ ಬಸಿರು. ಎಕ್ಸೋಮ್ (ಎಲ್ಲ ಜೀನುಗಳ ಕೋಡಿಂಗ್ ಭಾಗ ಓದುವ ಪರೀಕ್ಷೆ) ಕಳಿಸಿದರೆ ಫಲಿತಾಂಶಕ್ಕೆ 4ರಿಂದ 6 ವಾರ ಬೇಕು ಅಂದಿದ್ದಾರೆ ಲ್ಯಾಬಿನವರು. ಅಷ್ಟರಲ್ಲಿ ಈ ಇಮೇಜುಗಳಿಂದಲೇ ಎಷ್ಟು ಹೇಳಬಹುದು? ಮತ್ತೆ ಸ್ಕ್ಯಾನ್ ಮಾಡಿಸಬೇಕೆ? ಇವತ್ತೇ ಕಳಿಸಬೇಕಾದ ಟೆಸ್ಟ್ ಯಾವುದು?

---

ಟಿ2_ಓದುಗ

ರಿಪೋರ್ಟು ತಪ್ಪಲ್ಲ, ಅರ್ಧಕ್ಕೇ ನಿಂತಿದೆ. ಮೊದಲು ‘ಡಿಸ್‌ಮೈಲಿನೇಷನ್’ ಅನ್ನುವ ಪದವನ್ನು ಪಕ್ಕಕ್ಕಿಡಿ. ಒಬ್ಬೊಬ್ಬರು ಅದನ್ನು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಹಾಗಾಗಿ ಅದರಿಂದ ಏನೂ ಗೊತ್ತಾಗುವುದಿಲ್ಲ.

ಟಿ1 ತೆರೆದು ವೈಟ್ ಮ್ಯಾಟರನ್ನು ಕಾರ್ಟೆಕ್ಸ್ (ಮೆದುಳಿನ ಹೊರಪದರ) ಜೊತೆ ಹೋಲಿಸಿ. 13 ತಿಂಗಳಿಗೆ ಟಿ1 ಚಿತ್ರ ಹೆಚ್ಚುಕಡಿಮೆ ದೊಡ್ಡವರ ಮೆದುಳಿನಂತೆಯೇ ಕಾಣಬೇಕು. ವೈಟ್ ಮ್ಯಾಟರ್ ಟಿ2ನಲ್ಲಿ ಬರೀ ಸ್ವಲ್ಪ ಬೆಳ್ಳಗಿದ್ದು, ಟಿ1ನಲ್ಲಿ ಕಾರ್ಟೆಕ್ಸ್‌ಗೆ ಸಮನಾಗಿಯೋ ಅದಕ್ಕಿಂತ ಬೆಳ್ಳಗೋ ಇದ್ದರೆ ಹೈಪೋಮೈಲಿನೇಷನ್. ಅಂದರೆ ನರತಂತುಗಳ ಹೊದಿಕೆಯಾದ ಮೈಲಿನ್ ಕೂಡಿಕೊಂಡೇ ಇಲ್ಲ. ಟಿ2ನಲ್ಲಿ ನೀರಿನಷ್ಟು ಬೆಳ್ಳಗೆ, ಟಿ1ನಲ್ಲಿ ಸ್ಪಷ್ಟವಾಗಿ ಕಪ್ಪಗೆ ಇದ್ದರೆ ಅದು ಬೇರೆ ಗುಂಪು: ಮೈಲಿನ್ ನಾಶ, ಮೈಲಿನ್ ಪದರಗಳ ನಡುವೆ ನೀರು ತುಂಬಿಕೊಳ್ಳುವುದು, ಅಥವಾ ವೈಟ್ ಮ್ಯಾಟರೇ ಕರಗುವುದು. ನೀವು ಬರೆದಿರುವುದನ್ನು ನೋಡಿದರೆ ಇದು ಎರಡನೆಯ ಗುಂಪು. ಒಂದು ಎಚ್ಚರ: ಎರಡು ವರ್ಷದೊಳಗಿನ ಮಗುವಿನಲ್ಲಿ ಮೈಲಿನ್ ಎಷ್ಟಾಗಿದೆ ಎಂದು ಫ್ಲೇರ್ ನೋಡಿ ತೀರ್ಮಾನಿಸಬೇಡಿ. ಆ ವಯಸ್ಸಿನಲ್ಲಿ ಫ್ಲೇರ್‌ನ ಸಿಗ್ನಲ್ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಅದು ಬೇಕಾಗುವುದು ಬೇರೆ ಕೆಲಸಕ್ಕೆ, ಕೆಳಗೆ ಬರುತ್ತದೆ.

ತಲೆ ದೊಡ್ಡದಿದೆ ಎಂಬುದೇ ಪಟ್ಟಿಯನ್ನು ಬೇಕಾದಷ್ಟು ಚಿಕ್ಕದು ಮಾಡುತ್ತದೆ. ಮೆಟಾಕ್ರೊಮ್ಯಾಟಿಕ್, ಕ್ರಾಬೆ, ಅಡ್ರಿನೊಲ್ಯೂಕೋಡಿಸ್ಟ್ರೊಫಿ ಇವು ಸಾಮಾನ್ಯವಾಗಿ ಹೀಗೆ ಬರುವುದಿಲ್ಲ. ಉಳಿಯುವವು: ಎಂಎಲ್‌ಸಿ (ಮೆಗಲೆನ್ಸೆಫಲಿಕ್ ಲ್ಯೂಕೋಎನ್ಸೆಫಲೋಪತಿ, ಸಬ್‌ಕಾರ್ಟಿಕಲ್ ಸಿಸ್ಟ್ ಸಹಿತ), ಕ್ಯಾನವಾನ್, ಅಲೆಕ್ಸಾಂಡರ್, ಎಲ್-2-ಹೈಡ್ರಾಕ್ಸಿಗ್ಲುಟಾರಿಕ್ ಅಸಿಡೂರಿಯಾ, ಗ್ಲುಟಾರಿಕ್ ಅಸಿಡೂರಿಯಾ ಟೈಪ್ 1. ಇವುಗಳ ಜೊತೆಗೆ ಎಲ್ಲರೂ ಮರೆಯುವ ಇನ್ನೊಂದಿದೆ: ಲ್ಯಾಮಾ2 ಸ್ನಾಯುಕ್ಷಯ.

ಈಗ ಇಮೇಜನ್ನು ಈ ಕ್ರಮದಲ್ಲಿ ನೋಡಿ.

ಊತ ಇದೆಯೇ? ಮೆದುಳಿನ ಮಡಿಕೆಗಳು ಅಗಲವಾಗಿ, ನಡುವಿನ ಸಂದುಗಳು ಕಿರಿದಾಗಿ, ವೆಂಟ್ರಿಕಲ್ (ಮೆದುಳಿನೊಳಗಿನ ದ್ರವದ ಕೋಣೆ) ಚಿಕ್ಕದಾಗಿದ್ದರೆ ವೈಟ್ ಮ್ಯಾಟರ್ ಉಬ್ಬಿದೆ ಎಂದರ್ಥ. ಎಂಎಲ್‌ಸಿಯಲ್ಲಿ ಇದು ಎದ್ದು ಕಾಣುತ್ತದೆ. ಆಮೇಲೆ ಉಳಿದುಕೊಂಡ ಜಾಗಗಳು ಯಾವುವು ಎಂದು ಹುಡುಕಿ: ಕಾರ್ಪಸ್ ಕಲ್ಲೋಸಮ್, ಇಂಟರ್ನಲ್ ಕ್ಯಾಪ್ಸೂಲ್, ಬ್ರೈನ್‌ಸ್ಟೆಮ್ ತಕ್ಕಮಟ್ಟಿಗೆ ಕಪ್ಪಗೇ ಉಳಿದು, ಹೆಮಿಸ್ಫಿಯರಿನ ವೈಟ್ ಮ್ಯಾಟರ್ ಮಾತ್ರ ಬೆಳ್ಳಗಾಗಿದ್ದರೆ ಎಂಎಲ್‌ಸಿ ಕಡೆಗೆ ತೂಗುತ್ತದೆ. ಬೇಸಲ್ ಗ್ಯಾಂಗ್ಲಿಯಾ (ಮೆದುಳಿನ ಆಳದ ಬೂದು ಗಂಟುಗಳು) ಸ್ವಚ್ಛವಾಗಿರಬೇಕು. ಡಿಫ್ಯೂಷನ್‌ನಲ್ಲಿ ಎಡಿಸಿ (ನೀರಿನ ಕಣಗಳು ಎಷ್ಟು ಸಲೀಸಾಗಿ ಚಲಿಸುತ್ತವೆ ಎಂಬ ಅಳತೆ) ಹೆಚ್ಚಿರುತ್ತದೆ, ನಿರ್ಬಂಧ ಇರುವುದಿಲ್ಲ.

ಗ್ಲೋಬಸ್ ಪ್ಯಾಲಿಡಸ್ ಮತ್ತು ಥ್ಯಾಲಮಸ್ ಬೆಳ್ಳಗಿದ್ದು, ಪುಟಾಮೆನ್ ಹಾಗೂ ಕಾಡೇಟ್ ಉಳಿದಿದ್ದರೆ, ಜೊತೆಗೆ ಯು ಫೈಬರ್‌ಗಳು (ಕಾರ್ಟೆಕ್ಸ್ ಕೆಳಗೇ ಇರುವ ಗಿಡ್ಡ ತಂತುಗಳು) ಮೊದಲೇ ಹೋಗಿದ್ದು ಎಡಿಸಿ ಕಡಿಮೆಯಿದ್ದರೆ ಕ್ಯಾನವಾನ್. ಮುಂಭಾಗದಲ್ಲಿ ಹೆಚ್ಚು, ಹಿಂದಕ್ಕೆ ಹೋದಂತೆ ಕಡಿಮೆ, ವೆಂಟ್ರಿಕಲ್ ಸುತ್ತ ಟಿ1ನಲ್ಲಿ ಬೆಳ್ಳನೆಯ, ಟಿ2ನಲ್ಲಿ ಕಪ್ಪನೆಯ ಅಂಚು ಇದ್ದರೆ ಅಲೆಕ್ಸಾಂಡರ್. ಇದಕ್ಕೆ ಮಾರ್ಯೋ ವ್ಯಾನ್ ಡೆರ್ ಕ್ನಾಪ್ ತಂಡ 2001ರಲ್ಲಿ ಐದು ಲಕ್ಷಣ ಕೊಟ್ಟಿತು: ಮುಂಭಾಗದ ವೈಟ್ ಮ್ಯಾಟರ್, ಈ ಅಂಚು, ಬೇಸಲ್ ಗ್ಯಾಂಗ್ಲಿಯಾ ಮತ್ತು ಥ್ಯಾಲಮಸ್, ಬ್ರೈನ್‌ಸ್ಟೆಮ್, ಕಾಂಟ್ರಾಸ್ಟ್ ಹಿಡಿಯುವುದು. ಐದರಲ್ಲಿ ನಾಲ್ಕು ಬೇಕು. ನಿಮ್ಮಲ್ಲಿ ಕಾಂಟ್ರಾಸ್ಟ್ ಕೊಟ್ಟೇ ಇಲ್ಲ, ಹಾಗಾಗಿ ಐದನೆಯದನ್ನು ಕೇಳುವಂತೆಯೇ ಇಲ್ಲ.

ಕಾರ್ಟೆಕ್ಸ್ ಕೆಳಗಿನ ಪಟ್ಟಿ ಮಾತ್ರ ಬೆಳ್ಳಗಿದ್ದು ವೆಂಟ್ರಿಕಲ್ ಪಕ್ಕದ್ದು ಉಳಿದಿದ್ದರೆ, ಜೊತೆಗೆ ಡೆಂಟೇಟ್ (ಕಿರುಮೆದುಳಿನೊಳಗಿನ ಬೂದು ಗಂಟು) ಬೆಳ್ಳಗಿದ್ದರೆ ಎಲ್-2-ಹೈಡ್ರಾಕ್ಸಿಗ್ಲುಟಾರಿಕ್. ಸಿಲ್ವಿಯನ್ ಸಂದು ಬಾವಲಿಯ ರೆಕ್ಕೆಯಂತೆ ಅಗಲವಾಗಿದ್ದರೆ ಗ್ಲುಟಾರಿಕ್ ಟೈಪ್ 1. ಇದನ್ನು ತಪ್ಪಿಸಿಕೊಂಡರೆ ಮಗು ಒಂದು ಜ್ವರದಲ್ಲಿ ಬೇಸಲ್ ಗ್ಯಾಂಗ್ಲಿಯಾ ಕಳೆದುಕೊಳ್ಳುತ್ತದೆ, ಆದ್ದರಿಂದ ಸಂಭವ ಕಡಿಮೆಯಿದ್ದರೂ ಮೊದಲು ತಳ್ಳಿಹಾಕಬೇಕಾದ್ದು ಇದನ್ನೇ.

ಇನ್ನು ಫ್ಲೇರ್. ಬೆಳ್ಳಗಿರುವ ವೈಟ್ ಮ್ಯಾಟರ್‌ನ ಒಳಗೆ ಫ್ಲೇರ್‌ನಲ್ಲಿ ಸಿಎಸ್‌ಎಫ್‌ನಷ್ಟೇ (ಮೆದುಳಿನ ಸುತ್ತಲ ದ್ರವದಷ್ಟೇ) ಕಪ್ಪಾಗಿರುವ ಜಾಗ ಎಲ್ಲಿದೆ? ವೈಟ್ ಮ್ಯಾಟರ್ ಉದ್ದಕ್ಕೂ ಕರಗಿ, ನಡುವೆ ಬೂದು ಎಳೆಗಳು ಹಾದುಹೋಗಿದ್ದರೆ ವ್ಯಾನಿಶಿಂಗ್ ವೈಟ್ ಮ್ಯಾಟರ್. ಅದರಲ್ಲಿ ಟೆಂಪೊರಲ್ ಲೋಬು ತುಲನಾತ್ಮಕವಾಗಿ ಉಳಿಯುತ್ತದೆ. ಎಂಎಲ್‌ಸಿಯಲ್ಲಿ ಇದಕ್ಕೆ ಉಲ್ಟಾ: ಉಳಿದೆಲ್ಲ ಫ್ಲೇರ್‌ನಲ್ಲಿ ಬೆಳ್ಳಗೇ ಇದ್ದು, ಟೆಂಪೊರಲ್ ಲೋಬಿನ ಮೂತಿಯಲ್ಲಿ ಮಾತ್ರ ದುಂಡನೆಯ ಕಪ್ಪು ಸಿಸ್ಟ್ ಕೂತಿರುತ್ತದೆ, ಕೆಲವೊಮ್ಮೆ ಫ್ರಾಂಟೊಪರೈಟಲ್‌ನಲ್ಲೂ. 5 ಮಿ.ಮೀ. ಆಕ್ಸಿಯಲ್‌ನಲ್ಲಿ ಈ ಮೂತಿ ಎರಡೇ ಸ್ಲೈಸಿನಲ್ಲಿ ಮುಗಿದುಹೋಗುತ್ತದೆ, ಪಕ್ಕದ ಸಿಎಸ್‌ಎಫ್ ಅಂದುಕೊಂಡು ಕಣ್ಣು ಜಾರುತ್ತದೆ. ಮೊದಲ ವರ್ಷದಲ್ಲಿ ಸಿಸ್ಟ್ ಇನ್ನೂ ಮೂಡದೆಯೂ ಇರಬಹುದು.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಚಿತ್ರ ಇಷ್ಟು ಕೆಟ್ಟದಾಗಿದ್ದರೂ ಮಗು ಕೂರುತ್ತದೆ, ನಗುತ್ತದೆ, ಮಾತಾಡುತ್ತದೆ. ಕ್ಯಾನವಾನ್ ಆಗಿದ್ದರೆ ಈ ವಯಸ್ಸಿಗೆ ಕತ್ತೇ ನಿಲ್ಲುತ್ತಿರಲಿಲ್ಲ. ಚಿತ್ರಕ್ಕೂ ಮಗುವಿಗೂ ತಾಳೆಯೇ ಆಗದಿರುವುದು ಎಂಎಲ್‌ಸಿಯ ಸಹಿ ಇದ್ದ ಹಾಗೆ.

---

ನೇರ_ಎಕ್ಸೋಮ್

ಇಷ್ಟೆಲ್ಲ ಯಾಕೆ? ತಂದೆ, ತಾಯಿ, ಮಗು ಮೂವರ ರಕ್ತ ತೆಗೆದು ಎಕ್ಸೋಮ್‌ಗೆ ಕಳಿಸಿ. ಜೀನ್ ಸಿಕ್ಕಿದರೆ ಚಿತ್ರ ನೋಡುವುದೇ ಬೇಡ. ಈ ಕಾಲದಲ್ಲೂ ಪ್ಯಾಟರ್ನ್ ಹುಡುಕುವುದು ಜಾತಕ ನೋಡಿದಂತೆ.

---

ವಂಶವಾಹಿ_ಡೆಸ್ಕ್

ಎಕ್ಸೋಮ್ ಇವತ್ತೇ ಕಳಿಸಲಿ, ಅದರಲ್ಲಿ ತಕರಾರಿಲ್ಲ. ಆದರೆ ಅದು ಚಿತ್ರಕ್ಕೆ ಬದಲಿ ಅಲ್ಲ. ಲ್ಯಾಬಿಗೆ ‘ಲ್ಯೂಕೋಡಿಸ್ಟ್ರೊಫಿ’ ಅಂತ ಒಂದು ಸಾಲು ಬರೆದು ಕಳಿಸಿದರೆ ಅವರ ಬಳಿ ನೂರಾರು ಜೀನಿನ ಪಟ್ಟಿಯೇ ಕೂರುತ್ತದೆ. ‘ತಲೆ +4 ಎಸ್‌ಡಿ, ಉಬ್ಬಿದ ವೈಟ್ ಮ್ಯಾಟರ್, ಬೇಸಲ್ ಗ್ಯಾಂಗ್ಲಿಯಾ ಉಳಿದಿದೆ’ ಅಂತ ಬರೆದರೆ (+4 ಎಸ್‌ಡಿ ಅಂದರೆ ಸರಾಸರಿಗಿಂತ ನಾಲ್ಕು ಸ್ಟ್ಯಾಂಡರ್ಡ್ ಡೀವಿಯೇಷನ್ ಮೇಲೆ) ಎಂಎಲ್‌ಸಿಗೆ ಕಾರಣವಾಗುವ ಎಂಎಲ್‌ಸಿ1, ಗ್ಲಿಯಲ್‌ಕ್ಯಾಮ್ ಜೀನುಗಳು ಮೇಲೆ ಬರುತ್ತವೆ. ಬಂದ ವೇರಿಯಂಟ್ ‘ಅರ್ಥ ಖಚಿತವಿಲ್ಲ’ ಅಂತಿದ್ದರೆ ಅದನ್ನು ಎತ್ತಿಹಿಡಿಯುವುದು, ಬಿಡುವುದು ಎರಡೂ ಚಿತ್ರದ ಬಲದ ಮೇಲೆಯೇ. ಇನ್ನೊಂದು: ಎಕ್ಸೋಮ್‌ಗೆ ಕಾಣದ ತಪ್ಪುಗಳಿವೆ. ಪೆಲಿಜಿಯಸ್-ಮೆರ್ಜ್‌ಬಾಕರ್ ಎಂಬ ಹೈಪೋಮೈಲಿನೇಷನ್ ರೋಗದಲ್ಲಿ ಹೆಚ್ಚಿನವು ಪಿಎಲ್‌ಪಿ1 ಜೀನಿನ ನಕಲು ಎರಡಾಗುವುದು. ಕಾಪಿ ಎಣಿಕೆ ಮಾಡದ ಎಕ್ಸೋಮ್ ಅದನ್ನು ‘ನೆಗೆಟಿವ್’ ಅನ್ನುತ್ತದೆ. ಚಿತ್ರದಲ್ಲಿ ಹೈಪೋಮೈಲಿನೇಷನ್ ಕಂಡವರು ಆಗ ಎಂಎಲ್‌ಪಿಎ (ಜೀನಿನ ಪ್ರತಿ ಎಣಿಸುವ ಪರೀಕ್ಷೆ) ಕೇಳುತ್ತಾರೆ, ಕಾಣದವರು ಫೈಲು ಮುಚ್ಚುತ್ತಾರೆ.

ಇವತ್ತೇ ಕಳಿಸಬೇಕಾದ್ದು ಇಷ್ಟು. ಸಿಕೆ (ಸ್ನಾಯುವಿನ ಕಿಣ್ವ): ಅಗ್ಗ, ಸಂಜೆಗೆ ಬರುತ್ತದೆ. ಲ್ಯಾಮಾ2ನಲ್ಲಿ ಇದು ಸಾವಿರಗಳಲ್ಲಿ ಇರುತ್ತದೆ, ಮತ್ತು ಆ ಮಕ್ಕಳ ಎಂಆರ್‌ಐ ಎಂಎಲ್‌ಸಿಯನ್ನು ಚೆನ್ನಾಗಿಯೇ ಅಣಕಿಸುತ್ತದೆ, ಕಾರ್ಪಸ್ ಕಲ್ಲೋಸಮ್ ಉಳಿಯುವುದು ಸೇರಿ. ಮೂತ್ರದ ಆರ್ಗ್ಯಾನಿಕ್ ಆಸಿಡ್ ಜಿಸಿ-ಎಂಎಸ್‌ನಲ್ಲಿ: ಒಂದೇ ಮಾದರಿಯಲ್ಲಿ ಎನ್-ಅಸಿಟೈಲ್‌ಆಸ್ಪಾರ್ಟಿಕ್ ಆಸಿಡ್ (ಎನ್‌ಎಎ, ಕ್ಯಾನವಾನ್‌ಗೆ), ಗ್ಲುಟಾರಿಕ್, 2-ಹೈಡ್ರಾಕ್ಸಿಗ್ಲುಟಾರಿಕ್ ಮೂರೂ ಸಿಗುತ್ತವೆ. ಫಾರಂನಲ್ಲಿ ಮೂರನ್ನೂ ಹೆಸರಿಸಿ, ಇಲ್ಲದಿದ್ದರೆ ಎನ್‌ಎಎ ಪೀಕ್ ವರದಿಯಿಂದ ಬಿಟ್ಟುಹೋಗುವುದುಂಟು. ಮೂತ್ರವನ್ನು ತಕ್ಷಣ ಫ್ರೀಜ್ ಮಾಡಿ ಐಸ್‌ನಲ್ಲಿ ಕಳಿಸಿ. ರಕ್ತದ ಚುಕ್ಕೆಯಲ್ಲಿ ಟ್ಯಾಂಡೆಮ್ ಮಾಸ್: ಗ್ಲುಟಾರಿಕ್ ಟೈಪ್ 1ರಲ್ಲಿ ಏರುವ ಸಿ5ಡಿಸಿ ನೋಡಲು. ಇಡಿಟಿಎ ರಕ್ತ ಮೂವರದೂ 2–3 ಮಿ.ಲೀ.

ಕುಟುಂಬದ ಮೂಲವನ್ನೂ ಕೇಳಿ. ಎಂಎಲ್‌ಸಿ ನಮ್ಮ ದೇಶದಲ್ಲಿ ಅಗರ್‌ವಾಲ್ ಸಮುದಾಯದಲ್ಲಿ ಎದ್ದು ಕಾಣುತ್ತದೆ. ಮುಂಬೈನ ಡಾ. ಬಿ.ಎಸ್. ಸಿಂಘಾಲ್ ಮತ್ತು ಸಂಗಡಿಗರು ಇದನ್ನು 1990ರ ದಶಕದಲ್ಲೇ ಬರೆದರು. ವ್ಯಾನ್ ಡೆರ್ ಕ್ನಾಪ್ ಈ ರೋಗವನ್ನು ವಿವರಿಸಿದ್ದು 1995ರಲ್ಲಿ, ಜೀನ್ ಸಿಕ್ಕಿದ್ದು 2001ರಲ್ಲಿ. ಆ ಸಮುದಾಯದಲ್ಲಿ ಬಹುತೇಕ ಒಂದೇ ಬದಲಾವಣೆ, ಎಂಎಲ್‌ಸಿ1ನ 135insC ಎಂದು ಕರೆಯುವ ಒಂದಕ್ಷರದ ಸೇರ್ಪಡೆ. ಅಗರ್‌ವಾಲ್ ಮನೆಯಾದರೆ ಎಕ್ಸೋಮ್‌ಗೆ ಕಾಯದೆ ಆ ಒಂದು ಜಾಗಕ್ಕೆ ಸ್ಯಾಂಗರ್ (ಆಯ್ದ ತುಣುಕಿನ ಡಿಎನ್‌ಎ ಓದುವ ವಿಧಾನ) ಮಾಡಿಸಿದರೆ ಸಾಕು, ಕೆಲವೇ ದಿನ. ಆದರೆ ನಿಮ್ಮದು ಸೋದರಮಾವನ ಮದುವೆ. ಇಂಥ ಮನೆಯಲ್ಲಿ ಅವರದೇ ಆದ ಬೇರೆ ಬದಲಾವಣೆ ಎರಡು ಪ್ರತಿಯಲ್ಲಿ ಬಂದಿರುವುದು ಸಹಜ, ಆದ್ದರಿಂದ ಎಂಎಲ್‌ಸಿ1ನ ಕೋಡಿಂಗ್ ಭಾಗ ಪೂರ್ತಿ ಓದಿಸಬೇಕು. ಎಂಎಲ್‌ಸಿ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಎಂಎಲ್‌ಸಿ1, ಉಳಿದವರಲ್ಲಿ ಹೆಚ್ಚಿನವರು ಗ್ಲಿಯಲ್‌ಕ್ಯಾಮ್. 2023ರಲ್ಲಿ ಎಕ್ಯೂಪಿ4, ಜಿಪಿಆರ್‌ಸಿ5ಬಿ ಕೂಡ ಸೇರಿವೆ, ಹಳೆಯ ಪ್ಯಾನೆಲ್‌ಗಳಲ್ಲಿ ಇವೆರಡು ಇರುವುದಿಲ್ಲ.

---

ಕಾಯಿಲ್‌ಕೋಣೆ

ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ಟೆಕ್ನಿಷಿಯನ್‌ಗೆ ಚೀಟಿಯಲ್ಲಿ ಬರೆದುಕೊಡಿ, ‘ಎಂಆರ್‌ಐ ಬ್ರೈನ್’ ಅಂತ ಮಾತ್ರ ಬರೆದರೆ ಮತ್ತದೇ 5 ಮಿ.ಮೀ. ಬರುತ್ತದೆ.

3ಡಿ ಟಿ1, 1 ಮಿ.ಮೀ., ಮೂರೂ ದಿಕ್ಕಿಗೆ ಮರುರಚನೆ ಆಗುವಂತೆ. ಆಕ್ಸಿಯಲ್ ಟಿ2, 3 ಮಿ.ಮೀ. ಕೊರೊನಲ್ ಫ್ಲೇರ್ 3 ಮಿ.ಮೀ., ಟೆಂಪೊರಲ್ ಮೂತಿ ತಪ್ಪದೆ ಸೇರಲಿ, ಸಿಸ್ಟ್ ಹಿಡಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಡಿಫ್ಯೂಷನ್ ಬಿ 1000, ಎಡಿಸಿ ಮ್ಯಾಪ್ ಸಮೇತ ಸೇವ್ ಮಾಡಲಿ. ಎಸ್‌ಡಬ್ಲ್ಯುಐ, ಕ್ಯಾಲ್ಸಿಯಂ ಮತ್ತು ಹಳೆಯ ರಕ್ತಕ್ಕೆ. ಆಮೇಲೆ ಸ್ಪೆಕ್ಟ್ರೋಸ್ಕೋಪಿ (ಮೆದುಳಿನ ರಾಸಾಯನಿಕಗಳ ಅಳತೆ), ಕೊನೆಗೆ ಕಾಂಟ್ರಾಸ್ಟ್. ಈ ಕ್ರಮ ಬದಲಿಸಬೇಡಿ. ದೊಡ್ಡ ತಲೆ ಮಕ್ಕಳ ಕಾಯಿಲ್‌ಗೆ (ಸಿಗ್ನಲ್ ಹಿಡಿಯಲು ತಲೆಯ ಸುತ್ತ ಇಡುವ ಚೌಕಟ್ಟಿಗೆ) ಹಿಡಿಸದಿದ್ದರೆ ದೊಡ್ಡವರ ಹೆಡ್ ಕಾಯಿಲ್ ಬಳಸಲಿ, ಸಂದಿಗೆ ಸ್ಪಂಜು ತುಂಬಿದರಾಯಿತು.

ಸ್ಪೆಕ್ಟ್ರೋಸ್ಕೋಪಿ ಹೆಚ್ಚು ಕೆಡುವುದು ವಾಕ್ಸೆಲ್ ಇಡುವುದರಲ್ಲಿ. 2×2×2 ಸೆಂ.ಮೀ.ನ ಒಂದು ಚೌಕ ಪರೈಟಲ್ ವೈಟ್ ಮ್ಯಾಟರ್‌ನಲ್ಲಿ, ಇನ್ನೊಂದು ಬೇಸಲ್ ಗ್ಯಾಂಗ್ಲಿಯಾದಲ್ಲಿ. ಸಿಸ್ಟ್ ಒಳಗೋ ವೆಂಟ್ರಿಕಲ್ ಅಂಚಿಗೋ ಇಟ್ಟರೆ ಎಲ್ಲ ಪೀಕೂ ಕುಗ್ಗಿ ಬರೀ ಗದ್ದಲ ಬರುತ್ತದೆ. ತಲೆಬುರುಡೆಗೆ ತೀರ ಹತ್ತಿರ ಇಟ್ಟರೆ ಕೊಬ್ಬಿನ ಪೀಕ್ 1.3 ಪಿಪಿಎಂನಲ್ಲಿ ಬಂದು ಲ್ಯಾಕ್ಟೇಟ್ ಅಂತ ಮೋಸ ಮಾಡುತ್ತದೆ. ಟಿಇ (ಎಕೊ ಸಮಯ) 144 ಮಿಲಿಸೆಕೆಂಡಿನಲ್ಲಿ ನಿಜವಾದ ಲ್ಯಾಕ್ಟೇಟ್ ತಲೆಕೆಳಗಾಗುತ್ತದೆ, ಕೊಬ್ಬು ಆಗುವುದಿಲ್ಲ. 3 ಟೆಸ್ಲಾದಲ್ಲಿ ಈ ತಲೆಕೆಳಗು ಕೆಲವೊಮ್ಮೆ ಅಳಿಸಿಹೋದಂತೆ ಕಾಣುತ್ತದೆ, ಆಗ ಟಿಇ 288ರಲ್ಲಿ ಮತ್ತೊಮ್ಮೆ ತೆಗೆಯಿರಿ. ಮಯೊ-ಇನೋಸಿಟಾಲ್ ಬೇಕಾದರೆ ಟಿಇ 30–35. 2.0 ಪಿಪಿಎಂನ ಎನ್‌ಎಎ ಮೇಲೆ ಕಣ್ಣಿಡಿ: ವೈಟ್ ಮ್ಯಾಟರ್ ಹಾಳಾದ ಯಾವ ರೋಗದಲ್ಲೂ ಅದು ಇಳಿಯುವುದೇ ವಾಡಿಕೆ, ಗೋಪುರದಂತೆ ಏರಿದರೆ ಕ್ಯಾನವಾನ್.

ಕಾಂಟ್ರಾಸ್ಟ್ ಮ್ಯಾಕ್ರೋಸೈಕ್ಲಿಕ್ ಬಗೆಯದು, ಕೆ.ಜಿ.ಗೆ 0.1 ಮಿಲಿಮೋಲ್. ಮಿ.ಲೀ.ಗೆ 0.5 ಮಿಲಿಮೋಲ್ ಇರುವ ಬಾಟಲಿಯಾದರೆ 10 ಕೆ.ಜಿ. ಮಗುವಿಗೆ 2 ಮಿ.ಲೀ., 1 ಮಿಲಿಮೋಲ್ ಇರುವುದಾದರೆ 1 ಮಿ.ಲೀ. ಬಾಟಲಿಯ ಮೇಲಿನ ಸಾಂದ್ರತೆ ಓದದೆ ಎಳೆಯಬೇಡಿ, ದುಪ್ಪಟ್ಟು ಹೋಗುವುದು ಇಲ್ಲೇ.

ಅರಿವಳಿಕೆಯ ಮಾತು. ಒಟ್ಟು 40 ನಿಮಿಷದ ಸ್ಕ್ಯಾನ್, ಮಗು ಅಲುಗದೆ ಇರಬೇಕು. ಘನ ಆಹಾರ 6 ಗಂಟೆ, ಎದೆಹಾಲು 4, ತಿಳಿನೀರು 2 ಗಂಟೆ ಮೊದಲು ನಿಲ್ಲಿಸುವುದು ವಾಡಿಕೆ. ಆದರೆ ಗ್ಲುಟಾರಿಕ್ ಟೈಪ್ 1 ಇನ್ನೂ ತಳ್ಳಿಹಾಕಿಲ್ಲದ ಮಗುವನ್ನು ಉಪವಾಸ ಕೂರಿಸಿ ಸರದಿಯಲ್ಲಿ ಕಾಯಿಸಬಾರದು. ಟ್ಯಾಂಡೆಮ್ ಮಾಸ್ ಬರುವವರೆಗೆ ಸ್ಕ್ಯಾನ್ ಮುಂದೂಡಿ, ಆಗದಿದ್ದರೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಯೇ ಕರೆತನ್ನಿ, ಬೆಳಗಿನ ಮೊದಲ ಸ್ಲಾಟ್ ಕೇಳಿ.

ಅಂದ ಹಾಗೆ ಎರಡನೇ ಅಭಿಪ್ರಾಯಕ್ಕೆ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಬೇಡಿ. ಡೈಕಾಮ್ ಸಿಡಿ ಕೊಡಿ. ವಿಂಡೋ ಬದಲಿಸಲಾಗದ ಚಿತ್ರದಲ್ಲಿ ಎಡಿಸಿಯೂ ಇಲ್ಲ, ಅಂಚೂ ಇಲ್ಲ.

---

ಮಕ್ಕಳವಾರ್ಡು

ಸಿಕೆ 96, ಸಿ5ಡಿಸಿ ಎರಡೂ ನಾರ್ಮಲ್. ಮೂತ್ರದಲ್ಲಿ ಮೂರೂ ಇಲ್ಲ. ಮತ್ತೆ ಮಾಡಿಸಿದ ಸ್ಕ್ಯಾನಿನಲ್ಲಿ ಮಡಿಕೆಗಳು ಊದಿಕೊಂಡಿವೆ, ಕಾರ್ಪಸ್ ಕಲ್ಲೋಸಮ್ ಉಳಿದಿದೆ, ಬೇಸಲ್ ಗ್ಯಾಂಗ್ಲಿಯಾ ಸರಿಯಿದೆ. ಕೊರೊನಲ್ ಫ್ಲೇರ್‌ನಲ್ಲಿ ಎರಡೂ ಟೆಂಪೊರಲ್ ಮೂತಿಯಲ್ಲಿ ಸಿಸ್ಟ್ ಇವೆ. ಎನ್‌ಎಎ ಸ್ವಲ್ಪ ಇಳಿದಿದೆ, ಲ್ಯಾಕ್ಟೇಟ್ ಇಲ್ಲ. ಕಾಂಟ್ರಾಸ್ಟ್ ಎಲ್ಲೂ ಹಿಡಿದಿಲ್ಲ. ಒಂದು ಸಂಶಯ: ಹುಟ್ಟಿನ ಸಿಎಂವಿ (ಸೈಟೊಮೆಗಲೊವೈರಸ್) ಸೋಂಕಿನಲ್ಲೂ ಟೆಂಪೊರಲ್ ಸಿಸ್ಟ್ ಬರುತ್ತದಲ್ಲ?

---

ಟಿ2_ಓದುಗ

ಬರುತ್ತದೆ, ಒಳ್ಳೆಯ ಪ್ರಶ್ನೆ. ಆದರೆ ಸಿಎಂವಿಯಲ್ಲಿ ತಲೆ ಚಿಕ್ಕದಾಗುವುದೇ ಹೆಚ್ಚು. ವೈಟ್ ಮ್ಯಾಟರ್ ಕಲೆಗಳು ಬಿಡಿಬಿಡಿಯಾಗಿ, ಪರೈಟಲ್‌ನಲ್ಲಿ ದೊಡ್ಡದಾಗಿ ಇರುತ್ತವೆ, ಊತ ಇರುವುದಿಲ್ಲ. ಕಾರ್ಟೆಕ್ಸ್‌ನಲ್ಲಿ ಪಾಲಿಮೈಕ್ರೊಗೈರಿಯಾ (ಅತಿ ಸಣ್ಣ, ಲೆಕ್ಕಕ್ಕಿಂತ ಹೆಚ್ಚು ಮಡಿಕೆಗಳು), ಕ್ಯಾಲ್ಸಿಯಂ ಸಿಗಬಹುದು, ಕಿವಿ ಕೇಳಿಸದಿರುವುದೂ ಉಂಟು. ಈಗ ಮೂತ್ರದ ಸಿಎಂವಿ ಪಿಸಿಆರ್ ಮಾಡಿಸಿ ಪ್ರಯೋಜನವಿಲ್ಲ. ಹುಟ್ಟಿದ 3 ವಾರದೊಳಗಿನ ಮಾದರಿಯಲ್ಲಿ ಮಾತ್ರ ಅದು ಹುಟ್ಟಿನ ಸೋಂಕು ಎಂದು ಹೇಳಲು ಬರುತ್ತದೆ, ಆಮೇಲಿನ ಪಾಸಿಟಿವ್‌ಗೆ ಅರ್ಥವಿಲ್ಲ. 52 ಸೆಂ.ಮೀ. ತಲೆ, ಎಡೆಬಿಡದ ಊತ, ಮೂತಿಯ ಸಿಸ್ಟ್: ಇದನ್ನು ನಾನು ಎಂಎಲ್‌ಸಿ ಎಂದೇ ರಿಪೋರ್ಟಿನಲ್ಲಿ ಬರೆಯುತ್ತೇನೆ, ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ.

---

ವಂಶವಾಹಿ_ಡೆಸ್ಕ್

ಹಾಗಾದರೆ ಲ್ಯಾಬಿಗೆ ಫೋನ್ ಮಾಡಿ, ಎಕ್ಸೋಮ್ ದತ್ತಾಂಶ ಬಂದ ಕೂಡಲೇ ಎಂಎಲ್‌ಸಿ1, ಗ್ಲಿಯಲ್‌ಕ್ಯಾಮ್ ಮೊದಲು ಓದಲು ಹೇಳಿ. ಪೂರ್ತಿ ವರದಿಗೆ ಕಾಯಬೇಕಿಲ್ಲ. ಎಂಎಲ್‌ಸಿ1ಗೆ ಪ್ರತ್ಯೇಕ ಸ್ಯಾಂಗರ್ ಕೂಡ ಈಗಲೇ ಶುರುವಾಗಲಿ.

ಬಸಿರಿನ ಲೆಕ್ಕ. ಕೋರಿಯಾನಿಕ್ ವಿಲ್ಲಸ್ (ಮಾಸಿನ ತುಣುಕು) ಮಾದರಿ ತೆಗೆಯುವುದು 11–13 ವಾರದಲ್ಲಿ. ಅದರೊಳಗೆ ಮಗುವಿನ ಬದಲಾವಣೆ ಯಾವುದೆಂದು ಗೊತ್ತಾಗಿ, ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಪ್ರತಿ ಇದೆ ಎಂದು ಖಚಿತವಾಗಿರಬೇಕು. ಅದಿಲ್ಲದೆ ಮಾದರಿ ತೆಗೆದರೆ ಏನನ್ನು ಹುಡುಕಬೇಕೆಂದೇ ಲ್ಯಾಬಿಗೆ ಗೊತ್ತಿರುವುದಿಲ್ಲ. ತಡವಾದರೆ 16 ವಾರದ ನಂತರ ಆಮ್ನಿಯೊ (ಗರ್ಭಜಲದ ಮಾದರಿ) ಇದೆ. ಮಾದರಿಯಲ್ಲಿ ತಾಯಿಯ ಜೀವಕೋಶ ಬೆರೆತಿಲ್ಲ ಎಂಬ ಪರೀಕ್ಷೆಯನ್ನು ತಪ್ಪದೆ ಕೇಳಿ. ಬಸಿರಿನ ಸ್ಕ್ಯಾನಿನಲ್ಲಿ ತಲೆ ಅಳೆದು ಸಮಾಧಾನ ಹೇಳಬೇಡಿ, ಈ ರೋಗದಲ್ಲಿ ತಲೆ ಬೆಳೆಯುವುದು ಹುಟ್ಟಿದ ಮೇಲಿನ ಮೊದಲ ವರ್ಷದಲ್ಲಿ. ನಿಮ್ಮ ಮಗುವಿನದೇ 35 ಇತ್ತಲ್ಲ.

ಗ್ಲಿಯಲ್‌ಕ್ಯಾಮ್ ಬಂದರೆ ಒಂದು ಕ್ಷಣ ನಿಲ್ಲಿ. ಎರಡು ಪ್ರತಿ ಕೆಟ್ಟಿದ್ದರೆ ಎಂಎಲ್‌ಸಿ1ನಂತೆಯೇ ಮುಂದಿನ ಮಗುವಿಗೆ ನಾಲ್ಕರಲ್ಲಿ ಒಂದು. ಒಂದೇ ಪ್ರತಿ ಕೆಟ್ಟಿದ್ದರೆ ಅದು ಡಾಮಿನೆಂಟ್ ಬಗೆ: ಮೊದಲ ವರ್ಷ ಇದೇ ಚಿತ್ರ, ಆಮೇಲಿನ ವರ್ಷಗಳಲ್ಲಿ ಎಂಆರ್‌ಐ ತಾನಾಗಿಯೇ ತಿಳಿಯಾಗುತ್ತದೆ. ಆಗ ತಂದೆ ತಾಯಿಯಲ್ಲಿ ಒಬ್ಬರಿಗೆ ಅದೇ ಬದಲಾವಣೆ ಇದ್ದರೆ ಲೆಕ್ಕ ಎರಡರಲ್ಲಿ ಒಂದು, ಇಬ್ಬರಿಗೂ ಇಲ್ಲದಿದ್ದರೆ ತೀರ ಕಡಿಮೆ. ರಕ್ತಸಂಬಂಧದ ಮದುವೆ ಎಂದು ರಿಸೆಸಿವ್ (ಎರಡೂ ಪ್ರತಿ ಕೆಟ್ಟರೆ ಬರುವ ಬಗೆ) ಅಂದುಕೊಂಡುಬಿಟ್ಟರೆ ಇಲ್ಲಿ ಎಡವುತ್ತೀರಿ.

ಮಗುವಿಗೆ ಸಂಬಂಧಿಸಿದ್ದು ಎರಡೇ ಮಾತು. ಫಿಟ್ಸ್ ಔಷಧಿಗೆ ಸಾಮಾನ್ಯವಾಗಿ ಬಗ್ಗುತ್ತದೆ, ತಪ್ಪಿಸಬಾರದು. ಸಣ್ಣ ಪೆಟ್ಟು ಬಿದ್ದರೂ ಈ ಮಕ್ಕಳು ಕೆಲವೊಮ್ಮೆ ಪ್ರಜ್ಞೆ ತಪ್ಪುತ್ತಾರೆ, ಫಿಟ್ಸ್ ಬಿಡದೆ ಬರುವುದೂ ಉಂಟು. ನಡೆಯಲು ಕಲಿಯುವ ಹೊತ್ತಿಗೆ ಮೆತ್ತನೆಯ ಹೆಲ್ಮೆಟ್ ಹಾಕಿಸಿ. ದೊಡ್ಡ ತಲೆ ಕಂಡು ಯಾರಾದರೂ ಶಂಟ್ (ಮೆದುಳಿನ ನೀರು ಹರಿಸುವ ಕೊಳವೆ) ಹಾಕಬೇಕು ಅಂದರೆ ವೆಂಟ್ರಿಕಲ್ ಚಿಕ್ಕದಿರುವ ಆ ಟಿ2 ಚಿತ್ರವನ್ನೇ ತೋರಿಸಿ.